ಮದುವೆ ಫೋಟೋಗ್ರಾಫರನ ಬ್ಯಾಗು ಯಾಕಿಷ್ಟು ಭಾರ?

ಕಳೆದ ತಿಂಗಳು ಉಡುಪಿಯ ಒಂದು ಮದುವೆ ಹಾಲಿನಲ್ಲಿ ಕಾರಿನಿಂದ ಬ್ಯಾಗುಗಳನ್ನು ಇಳಿಸುತ್ತಿದ್ದಾಗ ವರನ ಕಡೆಯ ಹಿರಿಯರೊಬ್ಬರು ನಗುತ್ತಾ, "ಎಂತ ಮಾರಾಯ್ರೆ, ಅಂಗಡಿ ಇಡ್ಲಿಕ್ಕೆ ಬಂದದ್ದಾ?" ಎಂದು ಕೇಳಿದರು. ನಾನೂ ನಕ್ಕೆ. ಆದರೆ ಹನ್ನೆರಡು ವರ್ಷಗಳಿಂದ ಕೇಳುತ್ತಿರುವ ಈ ಪ್ರಶ್ನೆಗೆ ಒಮ್ಮೆಯಾದರೂ ಸರಿಯಾದ ಉತ್ತರ ಕೊಡಬೇಕೆಂದು ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನನ್ನ ಬ್ಯಾಗಿನ ಅರ್ಧದಷ್ಟು ಭಾರ, ಆ ದಿನ ಎಲ್ಲವೂ ಸುಸೂತ್ರವಾಗಿ ನಡೆದರೆ ಹೊರಗೇ ಬಾರದ ವಸ್ತುಗಳದ್ದು.

ಹೊರಗೆ ಬರುವ ಅರ್ಧದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮಂಟಪದ ಹತ್ತಿರ ನಿಂತಾಗ 24-70 ಲೆನ್ಸು, ಹಾಲಿನ ಹಿಂಬದಿಯಿಂದ ಮುಖಭಾವ ಹಿಡಿಯಲು 70-200, ಮದುಮಗಳ ಕೋಣೆಯಂತಹ ಇಕ್ಕಟ್ಟಿನ, ಮಂದ ಬೆಳಕಿನ ಜಾಗಕ್ಕೆ 35 ಎಂಎಂ, ಜೊತೆಗೆ ಒಂದು ಫ್ಲ್ಯಾಶು. ಇಷ್ಟರಲ್ಲಿ ಒಂದು ಮದುವೆಯನ್ನು ಚೆನ್ನಾಗಿಯೇ ತೆಗೆಯಬಹುದು. ಉಳಿದದ್ದೆಲ್ಲ ಭಯದ ಭಾರ, ಮತ್ತು ನಮ್ಮ ಕೆಲಸದಲ್ಲಿ ಆ ಭಯ ನ್ಯಾಯವಾದದ್ದು. ಧಾರೆಯನ್ನೇ ನೋಡಿ. ವಧೂವರರ ಕೈಗಳನ್ನು ಸೇರಿಸಿ ಗಿಂಡಿಯಿಂದ ಮೊದಲ ನೀರು ಬೀಳುವ ಕ್ಷಣ ಕೆಲವೇ ಸೆಕೆಂಡುಗಳದ್ದು. ಆಗ ಕ್ಯಾಮೆರಾ ಕೈಕೊಟ್ಟಿತೆಂದು ಮುಹೂರ್ತವನ್ನು ಯಾರೂ ಮುಂದೆ ಹಾಕುವುದಿಲ್ಲ.

ಈ ಭಯವನ್ನು ನನಗೆ ಕಲಿಸಿದ್ದು 2013ರ ಒಂದು ರೋಸ್. ಕ್ಯಾಥೊಲಿಕ್ ಮದುವೆಯ ಮುನ್ನಾದಿನ ಮದುಮಕ್ಕಳಿಗೆ ತೆಂಗಿನ ಹಾಲು ಮತ್ತು ಎಣ್ಣೆ ಹಚ್ಚುವ ಈ ಶಾಸ್ತ್ರ ಎಷ್ಟು ಗಂಭೀರವಾಗಿ ಆರಂಭವಾಗುತ್ತದೋ, ಗೆಳೆಯರ ಸರದಿ ಬಂದಾಗ ಅಷ್ಟೇ ಗಲಾಟೆಯಲ್ಲಿ ಮುಗಿಯುತ್ತದೆ. ಆಗ ನನ್ನ ಬಳಿ ಇದ್ದದ್ದು ಒಂದೇ ಕ್ಯಾಮೆರಾ. ಯಾರೋ ಎರಚಿದ ತೆಂಗಿನ ಹಾಲು ಅದರ ಮೇಲೂ ಬಿತ್ತು. ಒರೆಸಿಕೊಂಡೆ, ರಾತ್ರಿಯವರೆಗೂ ಅದು ಕೆಲಸ ಮಾಡಿತು. ನೀರಾಗಿದ್ದರೆ ಒಣಗಿ ಹೋಗುತ್ತಿತ್ತೇನೋ, ಆದರೆ ಹಾಲು ಒಣಗಿದರೆ ಅಂಟಾಗುತ್ತದೆ. ಮರುದಿನ ಇಗರ್ಜಿಯಲ್ಲಿ ಶಟರ್ ಬಟನ್ ಒತ್ತಿದರೆ ಒಳಗೆ ಹೋದದ್ದು ಮೇಲೆ ಬರುತ್ತಿರಲಿಲ್ಲ. ವಿಡಿಯೋ ತೆಗೆಯಲು ಬಂದಿದ್ದ ಗೆಳೆಯರು ತಮ್ಮ ಎರಡನೆಯ ಕ್ಯಾಮೆರಾವನ್ನು ಕೊಡದೆ ಇದ್ದಿದ್ದರೆ ಆ ಕುಟುಂಬಕ್ಕೆ ಉಂಗುರ ತೊಡಿಸಿದ ಫೋಟೋವೇ ಇರುತ್ತಿರಲಿಲ್ಲ. ಅಂದಿನಿಂದ ನನ್ನ ಬ್ಯಾಗಿನಲ್ಲಿ ಎರಡು ಬಾಡಿಗಳು (ಲೆನ್ಸು ಬಿಟ್ಟು ಉಳಿದ ಕ್ಯಾಮೆರಾ), ಎರಡು ಫ್ಲ್ಯಾಶುಗಳು ಮತ್ತು ಒರೆಸಲು ಎರಡು ಹಳೆಯ ಬೈರಾಸುಗಳು ಕಡ್ಡಾಯವಾಗಿವೆ.

ಚಿತ್ರಗಳು ಉಳಿಯುವ ಮೆಮೊರಿ ಕಾರ್ಡಿನ ವಿಷಯದಲ್ಲಿಯೂ ಇದೇ ಲೆಕ್ಕ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಕುಗ್ಗಿಸದ ರಾ ಫೈಲು, ಅಂದರೆ ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಉಳಿಸಿದ ಚಿತ್ರ, ಹತ್ತಿರಹತ್ತಿರ 47 ಎಂಬಿ ಇರುವುದರಿಂದ 64 ಜಿಬಿ ಕಾರ್ಡಿನಲ್ಲಿ ಸುಮಾರು 1,300 ಚಿತ್ರಗಳು ಹಿಡಿಯುತ್ತವೆ. ಮದುವೆ ದಿನ ನಾನು 3,000 ಚಿತ್ರ ತೆಗೆದರೆ ಮೂರು ಕಾರ್ಡು ಸಾಕಲ್ಲವೇ ಎಂದರೆ ಸಾಲದು, ಆರು ಬೇಕು. ಏಕೆಂದರೆ ಪ್ರತಿಯೊಂದು ಚಿತ್ರವೂ ಒಂದೇ ಸಮಯಕ್ಕೆ ಎರಡು ಕಾರ್ಡುಗಳಲ್ಲಿ ಉಳಿಯುವಂತೆ ಕ್ಯಾಮೆರಾವನ್ನು ಹೊಂದಿಸಿಟ್ಟಿರುತ್ತೇನೆ. 2018ರಲ್ಲಿ ಕ್ಯಾನನ್ ಇಒಎಸ್ ಆರ್ ಮತ್ತು ನಿಕಾನ್ ಜ಼ಡ್ 6, ಜ಼ಡ್ 7 ಕ್ಯಾಮೆರಾಗಳು ಬಂದಾಗ ಅವುಗಳಲ್ಲಿ ಒಂದೇ ಕಾರ್ಡಿಗೆ ಜಾಗವಿತ್ತು. ಮದುವೆ ತೆಗೆಯುವವರು ಎಷ್ಟು ಗೊಣಗಿದರೆಂದರೆ, 2020ರಲ್ಲಿ ಬಂದ ಕ್ಯಾನನ್ ಆರ್ 6ರಲ್ಲಿಯೂ ನಿಕಾನಿನ ಎರಡನೆಯ ಪೀಳಿಗೆಯಲ್ಲಿಯೂ ಎರಡೆರಡು ಸ್ಲಾಟುಗಳು ಇದ್ದವು. ಬೆಟ್ಟಗುಡ್ಡ ತೆಗೆಯುವವರಿಗೆ ಇದು ಅತಿಯೆನಿಸಬಹುದು. ಬೆಟ್ಟ ನಾಳೆಯೂ ಅಲ್ಲಿಯೇ ಇರುತ್ತದೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಭಾರ ಸೇರುತ್ತದೆ, ಅದು ಗಾಳಿಯಲ್ಲಿರುವ ನೀರಿನದ್ದು. ಎಸಿ ಕೋಣೆಯಲ್ಲಿ ಮದುಮಗಳ ಅಲಂಕಾರ ತೆಗೆದು, ದಿಬ್ಬಣ ಬಂತೆಂದು ಅದೇ ಕ್ಯಾಮೆರಾ ಹಿಡಿದು ಅಂಗಳಕ್ಕೆ ಓಡಿದರೆ ತಣ್ಣಗಿನ ಗಾಜಿನ ಮೇಲೆ ಕ್ಷಣದಲ್ಲಿ ಮಂಜು ಕಟ್ಟುತ್ತದೆ. ಎಷ್ಟು ಒರೆಸಿದರೂ ಮತ್ತೆ ಕಟ್ಟುತ್ತದೆ, ಲೆನ್ಸು ಹೊರಗಿನ ಬಿಸಿಗೆ ಹೊಂದಿಕೊಳ್ಳುವವರೆಗೆ ಕಾಯುವುದೊಂದೇ ದಾರಿ. ಆದ್ದರಿಂದ ಎರಡನೆಯ ಕ್ಯಾಮೆರಾ ಬೆಳಿಗ್ಗೆಯಿಂದಲೇ ಎಸಿ ಇಲ್ಲದ ಜಾಗದಲ್ಲಿ, ಹುಡುಗನೊಬ್ಬನ ಕಾವಲಿನಲ್ಲಿ ಇರುತ್ತದೆ. ಕಾಪು ಕಡಲತೀರದಲ್ಲಿ ದೀಪಸ್ತಂಭದ ಎದುರು ನವದಂಪತಿಗಳ ಫೋಟೋ ತೆಗೆಯುವ ದಿನ ಮರಳು ಮತ್ತು ಉಪ್ಪುಗಾಳಿಗೆ ಹೆದರಿ ನಾನು ಅಲ್ಲಿ ಲೆನ್ಸು ಬದಲಿಸುವುದೇ ಇಲ್ಲ. ಎರಡು ಬಾಡಿಗಳಿಗೆ ಎರಡು ಲೆನ್ಸುಗಳನ್ನು ಮನೆಯಲ್ಲಿಯೇ ಹಾಕಿಕೊಂಡು ಹೊರಡುತ್ತೇನೆ.

ಇನ್ನು ಆಟಿ, ಮಳೆಗಾಲದ ನಡುವಿನ ತುಳು ತಿಂಗಳು. ಆ ತಿಂಗಳಲ್ಲಿ ತುಳುನಾಡಿನಲ್ಲಿ ಮದುವೆಗಳು ನಡೆಯುವುದಿಲ್ಲವಾದ್ದರಿಂದ ನಮಗೆ ಬಿಡುವು. ಆದರೆ ವರ್ಷದಲ್ಲೇ ಅತಿ ಹೆಚ್ಚು ತೇವವಿರುವ ದಿನಗಳಲ್ಲಿ ಲೆನ್ಸುಗಳು ಕತ್ತಲೆಯ ಬ್ಯಾಗಿನಲ್ಲಿ ಕದಲದೆ ಬಿದ್ದಿರುತ್ತವೆ, ಗಾಜಿನ ಮೇಲೆ ಬೂಷ್ಟು ಹಬ್ಬಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇಲ್ಲ. ತೇವಾಂಶವನ್ನು ಶೇಕಡಾ 40ರಿಂದ 50ರ ನಡುವೆ ಇಡುವ ಡ್ರೈ ಕ್ಯಾಬಿನೆಟ್ಟನ್ನು ನಾನು ಕೊಂಡದ್ದು ಒಂದು ಲೆನ್ಸನ್ನು ಬೂಷ್ಟಿಗೆ ಒಪ್ಪಿಸಿದ ಮೇಲೆ. ಅಲ್ಲಿಯವರೆಗೆ ಗಾಳಿಯಾಡದ ಅಕ್ಕಿ ಡಬ್ಬ ಮತ್ತು ಸಿಲಿಕಾ ಜೆಲ್ ಪೊಟ್ಟಣಗಳಲ್ಲೇ ದಿನ ದೂಡಿದ್ದೆ. ನಿಜ ಹೇಳಬೇಕೆಂದರೆ, ನೀಲಿ ಹರಳು ಗುಲಾಬಿಯಾದಾಗ ಬಿಸಿ ಮಾಡಿ ಒಣಗಿಸುವ ಶಿಸ್ತು ಇದ್ದವರಿಗೆ ಡಬ್ಬವೂ ಸಾಕು, ನನಗೆ ಆ ಶಿಸ್ತಿರಲಿಲ್ಲ.

ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗರ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಹುಟ್ಟುತ್ತದೆ. ಹಿನ್ನೆಲೆ ಬೆಣ್ಣೆಯಂತೆ ಕರಗಬೇಕೆಂದು ಸಾಲ ಮಾಡಿ 85 ಎಂಎಂ 1.4 ಲೆನ್ಸು ಕೊಳ್ಳುತ್ತಾರೆ, ಎರಡನೆಯ ಬಾಡಿ ಎಲ್ಲಿ ಎಂದು ಕೇಳಿದರೆ ಮುಂದಿನ ಸೀಸನಿಗೆ ಎನ್ನುತ್ತಾರೆ. ಆ ಲೆನ್ಸು ನನಗೂ ಇಷ್ಟ. ಆದರೂ ಅದಿಲ್ಲದ ಮದುವೆಗೆ ಒಪ್ಪಿಕೊಳ್ಳಬಹುದು, ಒಂದೇ ಕ್ಯಾಮೆರಾ ಹಿಡಿದು ಮುಂಗಡ ಹಣ ಪಡೆಯುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸದೇ ಆಗಬೇಕೆಂದಿಲ್ಲ, ಎರಡು ಕಾರ್ಡು ಹಿಡಿಯುವ ಹಳೆಯ ಸೆಕೆಂಡ್ ಹ್ಯಾಂಡ್ ಬಾಡಿಯಾದರೂ ಸಾಕು.

ಮೊನ್ನೆ ಮದುವೆಯೊಂದರ ಮಾತುಕತೆಯಲ್ಲಿ ವಧುವಿನ ಮಾವನವರು, "ನೀವು ಒಂದೇ ಕ್ಯಾಮೆರಾ ತಂದರೆ ಎಷ್ಟು ಕಮ್ಮಿ ಮಾಡ್ತೀರಿ?" ಎಂದು ವಿಚಾರಿಸಿದರು. ರೋಸ್‌ನ ಕಥೆ ಹೇಳಿ, ಕಮ್ಮಿಯಾಗುವುದಿಲ್ಲ ಎಂದೆ. ಕಾಫಿ ಕೊಟ್ಟು ಕಳುಹಿಸಿದರು. ಬೇರೆಯವರನ್ನು ಗೊತ್ತು ಮಾಡಿಕೊಂಡಿದ್ದಾರೆಂದು ಆಮೇಲೆ ತಿಳಿಯಿತು.