ಕಲಬುರಗಿಗೆ ಸಮುದ್ರ ಎಲ್ಲದ?

ನಿನ್ನೆ ಮಗನ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೋಗಿ ಬಂದಾಗಿನಿಂದ ತಲೆ ಕೆಟ್ಟಿದೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಸಮುದ್ರದ ಆಳದ ನೀರು ಹಿಡಿಯುವ ನಿಸ್ಕಿನ್ ಬಾಟಲಿಯ ಮಾದರಿ ಮಾಡಿದ್ದಳು. ಪೈಪಿನ ತುಂಡು, ಒಳಗೆ ರಬ್ಬರ್ ಎಳೆದು ಕಟ್ಟಿದ ಎರಡು ಮುಚ್ಚಳ. ಎರಡೂ ಕಡೆ ಬಾಯಿ ತೆರೆದೇ ಇಳಿಯುತ್ತದೆ, ಬೇಕಾದ ಆಳಕ್ಕೆ ಹೋದ ಮೇಲೆ ಹಗ್ಗದ ಗುಂಟ ಒಂದು ಭಾರ ಜಾರಿಸಿದರೆ ಅದು ಕೊಕ್ಕೆಗೆ ಬಡಿದು ಮುಚ್ಚಳ ಪಟ್ ಅಂತ ಮುಚ್ಚಿಕೊಳ್ಳುತ್ತವೆ. ಕೊಡ ಬಿಟ್ಟರೆ ಮೇಲಿನ ನೀರೇ ತುಂಬಿಕೊಳ್ಳುತ್ತದೆ ಅಲ್ವಾ, ಅದಕ್ಕೇ ಈ ಉಪಾಯ. ಹಡಗುಗಳಲ್ಲಿ ಇಂಥ 12 ಅಥವಾ 24 ಬಾಟಲಿ ಒಂದೇ ಚೌಕಟ್ಟಿಗೆ ಕಟ್ಟಿ ಇಳಿಸಿ, ಒಂದೊಂದು ಆಳದಲ್ಲಿ ಒಂದೊಂದನ್ನು ಮುಚ್ಚಿಸುತ್ತಾರೆ.

"ನಮ್ಮ ಬಾವ್ಯಾಗ ಇಳಿಸಿ ನೋಡೀನ್ರಿ ಸರ್" ಅಂದಳು.

ತೀರ್ಪುಗಾರರು ನಕ್ಕರು. "ಕಲಬುರಗಿಗೆ ಸಮುದ್ರ ಎಲ್ಲದವ್ವಾ? ತೊಗರಿಗೆ ಉಪಯೋಗ ಆಗೋದೇನರ ಮಾಡು."

ತೊಗರಿಗೆ! ತೊಗರಿಗೆ ಮಳೆ ಎಲ್ಲಿಂದ ಬರುತ್ತದೆ, ಅವರ ಮನೆ ನಲ್ಲಿಯಿಂದಲಾ? ಸಮುದ್ರ ಎಷ್ಟು ಕಾದಿದೆ ಅಂತ ತಿಳಿಯದೆ ಮುಂಗಾರಿನ ಲೆಕ್ಕ ಹಾಕುವುದು ಹೇಗೆ? ಆರ್ಗೋ ಅಂತ ತೇಲುವ ಯಂತ್ರಗಳಿವೆ, ಜಗತ್ತಿನಲ್ಲಿ ಸುಮಾರು 4,000. ಒಳಗಿನ ಎಣ್ಣೆಯನ್ನು ಹೊರಗಿನ ಚೀಲಕ್ಕೆ ತಳ್ಳಿದರೆ ಏಳುತ್ತವೆ, ಒಳಗೆಳೆದುಕೊಂಡರೆ ಮುಳುಗುತ್ತವೆ. 10 ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಬಿಸಿ, ಉಪ್ಪು ಅಳೆಯುತ್ತಾ ಮೇಲೆ ಬಂದು ಉಪಗ್ರಹಕ್ಕೆ ಲೆಕ್ಕ ಒಪ್ಪಿಸಿ ಮತ್ತೆ ಕೆಳಗೆ. ಭಾರತದಲ್ಲಿ ಈ ಮಾಹಿತಿ ನೋಡಿಕೊಳ್ಳುವ ಇನ್‌ಕಾಯ್ಸ್ ಸಂಸ್ಥೆ ಇರುವುದು ಎಲ್ಲಿ? ಹೈದರಾಬಾದಿನಲ್ಲಿ. ನಾವು ಮದುವೆ ಬಟ್ಟೆಗೆ ಹೋಗಿಬರುವ ಹೈದರಾಬಾದ್! ಅಲ್ಲಿ ಯಾವ ಸಮುದ್ರ ಇದೆ, ಹುಸೇನ್ ಸಾಗರವಾ?

ಸಿಟ್ಟಿಗೆ ಇನ್ನೊಂದು ಕಾರಣ ಇದೆ, ಹೇಳಿಬಿಡುತ್ತೇನೆ. ಮೊದಲ ಬಹುಮಾನ ಬಂದದ್ದು ಜ್ವಾಲಾಮುಖಿಗೆ. ಅಡುಗೆ ಸೋಡಾ, ವಿನೆಗರ್, ಕೆಂಪು ಬಣ್ಣ. ಮಾಡಿದ್ದು ನನ್ನ ಮಗ. ಅಂದರೆ ಹಿಂದಿನ ರಾತ್ರಿ ಕೂತು ಮಾಡಿದ್ದು ನಾನು. ವೇದಿಕೆ ಮೇಲೆ ಅವನ ಫೋಟೊ ತೆಗೆಯುವಾಗ ಆ ಹುಡುಗಿ ಮೂಲೆಯಲ್ಲಿ ಹಗ್ಗ ಸುತ್ತಿಡುತ್ತಿದ್ದಳು. ಕಲಬುರಗಿಗೆ ಜ್ವಾಲಾಮುಖಿ ಎಲ್ಲದ ಅಂತ ಯಾರೂ ಕೇಳಲಿಲ್ಲ ನೋಡಿ.

ನಮ್ಮ ಕಪ್ಪು ಮಣ್ಣು ಲಾವಾದಿಂದಲೇ ಆದದ್ದು ಅಂತ ಯಾರಾದರೂ ಕಾಮೆಂಟ್ ಹಾಕುತ್ತೀರಿ, ಗೊತ್ತು. ಸರಿಯೇ. ಆದರೆ ಬಹುಮಾನ ಸಿಕ್ಕದ್ದು ನೊರೆಗೆ, ಮಣ್ಣಿಗಲ್ಲ. ಹಾಗೆ ನೋಡಿದರೆ ಪ್ರದರ್ಶನ ನಡೆದ ಆ ಹಾಲ್‌ನ ನೆಲಕ್ಕೆ ಹಾಸಿದ್ದು ಶಹಾಬಾದ್ ಕಲ್ಲು. ಸುಣ್ಣದ ಕಲ್ಲು, ಯಾವುದೋ ಕಾಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಆ ಸಾಹೇಬರು ಅದರ ಮೇಲೇ ನಿಂತು ಕೇಳಿದ್ದು, ಸಮುದ್ರ ಎಲ್ಲದ ಅಂತ.