ಸೂಕ್ಷ್ಮಜೀವಿಗಳಿಗೆ ಉಚಿತ ಶಿಕ್ಷಣ

ನವೆಂಬರ್ 18ರಿಂದ 24ರವರೆಗೆ ಪ್ರತಿಜೀವಕಗಳನ್ನು, ಅಂದರೆ ಬ್ಯಾಕ್ಟೀರಿಯಾಗಳನ್ನು ಮಣಿಸುವ ಆಂಟಿಬಯಾಟಿಕ್ ಔಷಧಗಳನ್ನು, ಜೋಪಾನವಾಗಿ ಬಳಸಬೇಕೆಂದು ಜಗತ್ತಿನಾದ್ಯಂತ ಭಾಷಣಗಳಾಗುತ್ತವೆ. 25ನೆಯ ತಾರೀಖು ಅದೇ ಭಾಷಣ ಕೇಳಿದವರು ಮೂಗು ಸೋರಿತೆಂದು ವೈದ್ಯರೆದುರು ಕುಳಿತು, ಸ್ವಲ್ಪ ಸ್ಟ್ರಾಂಗ್ ಆಗಿರುವುದನ್ನೇ ಬರೆದುಕೊಡಿ ಎನ್ನುತ್ತಾರೆ. ನೆಗಡಿ ವೈರಸ್ಸಿನಿಂದ ಬರುವುದೆಂದೂ ಪ್ರತಿಜೀವಕ ಅದರ ಕೂದಲನ್ನೂ ಕೊಂಕಿಸದೆಂದೂ ವೈದ್ಯರಿಗೆ ಗೊತ್ತು. ಬರಿಗೈಯಲ್ಲಿ ಕಳಿಸಿದರೆ ರೋಗಿ ಇನ್ನೊಬ್ಬರ ಬಳಿಗೆ ಹೋಗುತ್ತಾನೆಂಬುದೂ ಗೊತ್ತು. ಆದ್ದರಿಂದ ಬರೆಯುತ್ತಾರೆ. ನೆಗಡಿ ತನ್ನ ಪಾಡಿಗೆ ತಾನು ಇಳಿಯುತ್ತದೆ, ಕೀರ್ತಿ ಮಾತ್ರೆಗೆ ಸಲ್ಲುತ್ತದೆ.

ಮಾತ್ರೆ ವ್ಯರ್ಥವಾಯಿತೆಂದು ಯಾರೂ ಕೊರಗಬೇಕಾಗಿಲ್ಲ. ಕರುಳಿನಲ್ಲಿ ತಮ್ಮಷ್ಟಕ್ಕೆ ಬಾಳಿಕೊಂಡಿದ್ದ ಕೋಟ್ಯಂತರ ಬ್ಯಾಕ್ಟೀರಿಯಾಗಳ ಪಾಲಿಗೆ ಅದು ಪ್ರವೇಶ ಪರೀಕ್ಷೆ. ಸಾಧುಗಳು ಸಾಯುತ್ತವೆ, ಡಿಎನ್‌ಎ ನಕಲಾಗುವಾಗ ಆಕಸ್ಮಿಕವಾಗಿ ನುಸುಳಿದ ತಪ್ಪೊಂದರ ಪುಣ್ಯದಿಂದ ಔಷಧವನ್ನು ತಾಳಿಕೊಂಡ ಒಂದೆರಡು ಉಳಿದು, ತೆರವಾದ ಜಾಗವನ್ನೆಲ್ಲ ತಮ್ಮ ಸಂತಾನದಿಂದ ತುಂಬುತ್ತವೆ. ಪೆನಿಸಿಲಿನ್ನನ್ನು ಕತ್ತರಿಸುವ ಕಿಣ್ವ ಒಂದರ ಬಳಿ ಇದ್ದರೆ, ಒಳಬಂದ ಔಷಧವನ್ನು ಹೊರಕ್ಕೆ ಪಂಪ್ ಮಾಡುವ ವಿದ್ಯೆ ಇನ್ನೊಂದರ ಬಳಿ ಇರುತ್ತದೆ. ಇದಾವುದನ್ನೂ ಅವು ಬಚ್ಚಿಟ್ಟುಕೊಳ್ಳುವುದಿಲ್ಲ. ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆಯಲ್ಲಿ ವಿದ್ಯೆಯನ್ನು ಅಡಕಮಾಡಿ, ಸ್ವಜಾತಿ ಪರಜಾತಿ ಎಂದು ನೋಡದೆ, ಶುಲ್ಕವನ್ನೂ ಕೇಳದೆ ಪಕ್ಕದವರಿಗೆ ದಾಟಿಸುತ್ತವೆ. ಇಂಥ ಸಮಾಜವನ್ನು ಕಟ್ಟಲು ನಮ್ಮಿಂದ ಇನ್ನೂ ಆಗಿಲ್ಲ.

ಪಾದರಸದ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಬ್ಯಾಕ್ಟೀರಿಯಾಗಳು ನಂಜಿನ ಪಾದರಸದ ಅಯಾನುಗಳನ್ನು ಒಳಗೆಳೆದುಕೊಂಡು, ಕಿಣ್ವವೊಂದರಿಂದ ಶುದ್ಧ ಪಾದರಸವಾಗಿಸಿ, ಆವಿಯಾಗಿ ಹೊರಹೋಗಲು ಬಿಡುತ್ತವೆ. ಬೀಡಿ ಸೇದುವವನ ನಿರಾಳತೆ ಅದರಲ್ಲಿದೆ. ಈ ವಿದ್ಯೆಯ ಜೀನುಗಳು ಎಷ್ಟೋ ಸಲ ಪ್ರತಿಜೀವಕಗಳನ್ನು ಸೋಲಿಸುವ ಜೀನುಗಳಿರುವ ಪ್ಲಾಸ್ಮಿಡ್ಡಿನಲ್ಲಿಯೇ ಇರುತ್ತವೆ. ಹಾಗಾಗಿ ಪಾದರಸವನ್ನು ನೀರಿಗೆ ಹರಿಯಬಿಡುವವನು ಮಾತ್ರೆ ಮುಟ್ಟದೆಯೇ ಅವುಗಳಿಗೆ ಎರಡು ಪದವಿಗಳನ್ನು ಒಟ್ಟಿಗೆ ಕೊಡಿಸಬಲ್ಲನು.

ಶಿಕ್ಷಣ ಎಂಬ ಮಾತನ್ನು ನಾನು ಕಟ್ಟಿದ್ದಲ್ಲ. 1945ರ ಡಿಸೆಂಬರ್‌ನಲ್ಲಿ ನೊಬೆಲ್ ಉಪನ್ಯಾಸ ಮಾಡುತ್ತ, ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಒಂದು ಕಾಲ್ಪನಿಕ ಪ್ರಸಂಗವನ್ನು ಹೇಳಿದ್ದರು. ಒಬ್ಬ ಗೃಹಸ್ಥ ಗಂಟಲು ನೋವಿಗೆ ತಾನಾಗಿಯೇ ಪೆನಿಸಿಲಿನ್ ಕೊಂಡು, ಸೂಕ್ಷ್ಮಜೀವಿಗಳು ಸಾಯುವಷ್ಟಲ್ಲ, ಅವು ಪಾಠ ಕಲಿಯುವಷ್ಟು ಮಾತ್ರ ತೆಗೆದುಕೊಳ್ಳುತ್ತಾನೆ. ಅವನಿಂದ ಸೋಂಕು ತಗುಲಿ ಹೆಂಡತಿಗೆ ನ್ಯುಮೋನಿಯಾ ಬರುತ್ತದೆ, ಪೆನಿಸಿಲಿನ್ ನಾಟದೆ ಆಕೆ ಸಾಯುತ್ತಾಳೆ. ಹೊಣೆ ಗಂಡನದೇ ಎಂದು ಫ್ಲೆಮಿಂಗ್ ಅಂದೇ ತೀರ್ಪು ಕೊಟ್ಟಿದ್ದರು.

ಆಮೇಲೆ ಎಂಟು ದಶಕಗಳು ಉರುಳಿವೆ. ರೋಗವೇ ಇಲ್ಲದ ಕೋಳಿ, ಹಂದಿಗಳು ಬೇಗ ಮೈದುಂಬಲೆಂದು ಮೇವಿಗೆ ಪ್ರತಿಜೀವಕ ಬೆರೆಸುವುದು ಎಷ್ಟೋ ಕಡೆ ನಿಂತಿಲ್ಲ. ಉಳಿದ ಮೂರು ಮಾತ್ರೆಗಳನ್ನು ಡಬ್ಬಿಯಲ್ಲಿಟ್ಟು ಪಕ್ಕದ ಮನೆಯವರ ಕೆಮ್ಮಿಗೆ ದಾನ ಮಾಡುವುದೂ ನಿಂತಿಲ್ಲ. ಇದನ್ನು ಅಜ್ಞಾನವೆಂದು ಕರೆದು ಸಮಾಧಾನಪಡುವ ತಾಳ್ಮೆ ನನಗೆ ಉಳಿದಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತಿದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜಿದೆ. ಅವರಲ್ಲಿ ಒಂದು ಮಾತ್ರೆಯನ್ನೂ ನುಂಗಿರದ ಹಸುಗೂಸುಗಳೂ ಇದ್ದವು.