ಬಾಯಿ ಬಂದರು: 8.42ಕ್ಕೆ

ಮುಂಬಯಿಯ ನಮ್ಮ ಹೌಸಿಂಗ್ ಸೊಸೈಟಿಗಳು ಕೊನೆಗೂ ಗುಪ್ತಚರ ಇಲಾಖೆಯ ಮಟ್ಟ ಮುಟ್ಟಿರುವುದಕ್ಕೆ ಮೊದಲು ಅವುಗಳ ಚೇರ್‌ಮನ್ನರನ್ನೂ ಸೆಕ್ರೆಟರಿಗಳನ್ನೂ ಅಭಿನಂದಿಸಬೇಕು. ತಾರಸಿಯ ಸೋರಿಕೆಯನ್ನು ಎಷ್ಟೋ ಮಳೆಗಾಲಗಳಿಂದ ನಿಲ್ಲಿಸಲಾಗದ ಸಮಿತಿಯು, ಮಹಾಸಭೆಯಲ್ಲಿ ಬಟಾಟೆವಡೆಯ ತಟ್ಟೆ ಖಾಲಿಯಾಗುವುದರೊಳಗೆ ಗೇಟಿಗೆ ಆ್ಯಪ್ ತರಿಸುವ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಬಲ್ಲದು. ಮುಲುಂಡಿನಿಂದ ಡೊಂಬಿವಲಿಯವರೆಗೆ ಈಗ ಇಸ್ತ್ರಿಯವನು, ಕೊರಿಯರ್ ಹುಡುಗ, ಊರಿನಿಂದ ಹಲಸಿನ ಹಪ್ಪಳ ಹೊತ್ತು ತಂದ ಸೋದರಮಾವ, ಎಲ್ಲರೂ ವಾಚ್‌ಮನ್ ಹಿಡಿದ ಮೊಬೈಲಿಗೆ ಮುಖ ಕೊಟ್ಟು ನಿಲ್ಲಬೇಕು; ಮನೆಯವರು ತಮ್ಮ ಫೋನಿನಲ್ಲಿ ಒಪ್ಪಿಗೆ ಒತ್ತಿದ ಮೇಲಷ್ಟೇ ಅವರಿಗೆ ಲಿಫ್ಟಿನ ದರ್ಶನ. ಮಾವನ ಮುಖವೂ ಫೋನ್ ನಂಬರೂ ಎಲ್ಲಿಗೆ ಹೋದವು, ಎಷ್ಟು ವರ್ಷ ಅಲ್ಲಿರುತ್ತವೆ ಎಂದು ಕೇಳಿದರೆ, "ಎಲ್ಲ ನಿಮ್ಮ ಸೇಫ್ಟಿಗಾಗಿಯೇ ಅಲ್ಲವೇ ರಾಯರೇ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಚಾಳಿನಲ್ಲಿ, ಅಂದರೆ ಒಂದೇ ಗ್ಯಾಲರಿಗೆ ಬಾಗಿಲು ತೆರೆಯುವ ಸಾಲುಮನೆಗಳಲ್ಲಿ, ಬಾಳಿದವರಿಗೆ ಖಾಸಗಿತನದ ಹಂಬಲವೇಕೆ ಎಂದು ಹಿರಿಯರು ಹಂಗಿಸುವುದುಂಟು. ಗಿರಗಾಂವದ ಚಾಳಿನಲ್ಲಿ ಯಾರ ಮನೆಗೆ ಯಾರು ಬಂದರು, ಯಾರ ಮನೆಯಲ್ಲಿ ಮೀನು ಹುರಿದರು ಎಂಬುದು ಗ್ಯಾಲರಿಯುದ್ದಕ್ಕೂ ತಿಳಿಯುತ್ತಿತ್ತು, ನಿಜ. ಆದರೆ ಎದುರುಮನೆಯ ಮಾಮಿಗೆ ನಮ್ಮ ಮನೆಯ ಜಗಳ ಎಷ್ಟು ಗೊತ್ತಿತ್ತೋ ಅವರ ಮನೆಯದು ನಮಗೂ ಅಷ್ಟೇ ಗೊತ್ತಿತ್ತು. ಆ ಭಯದಿಂದಲೇ ಇಬ್ಬರೂ ಒಂದಿಷ್ಟು ಮರ್ಯಾದೆಯಿಂದ ಇದ್ದರು. ಮಾಮಿ ನಮ್ಮ ಜಗಳದ ವಿವರವನ್ನು ಪಾತ್ರೆ ಕಂಪನಿಗೆ ಮಾರಿದ ಉದಾಹರಣೆಯಂತೂ ಇಲ್ಲ.

ಈಗ ಮಾಮಿಯ ಜಾಗಕ್ಕೆ ಸ್ಮಾರ್ಟ್ ಟಿವಿ ಬಂದು ಗೋಡೆಯೇರಿದೆ. ಅದು ಪರದೆಯ ಮೇಲೆ ಓಡುವ ಚಿತ್ರದ ತುಣುಕುಗಳನ್ನು ಆಗಾಗ ಎತ್ತಿ ಕಂಪನಿಯ ದಾಸ್ತಾನಿನೊಡನೆ ತಾಳೆ ನೋಡುತ್ತದೆ; ಕೇಬಲ್ ಆದರೇನು, ಹಳೆಯ ಯಕ್ಷಗಾನದ ಡಿವಿಡಿ ಆದರೇನು, ಅದಕ್ಕೆ ಭೇದವಿಲ್ಲ. ಅಮೆರಿಕದಲ್ಲಿ ವಿಜಿಯೊ ಎಂಬ ಕಂಪನಿಯು 1.1 ಕೋಟಿ ಟಿವಿಗಳಿಂದ ಹೀಗೆ ಕ್ಷಣಕ್ಷಣದ ಲೆಕ್ಕ ತೆಗೆದು ಮಾರಿದ್ದಕ್ಕಾಗಿ 2017ರಲ್ಲಿ 22 ಲಕ್ಷ ಡಾಲರ್ ತೆತ್ತು ಸರ್ಕಾರದ ಮೊಕದ್ದಮೆಯಿಂದ ಕೈತೊಳೆದುಕೊಂಡಿತು. ಭಾಗಿಸಿದರೆ ಒಂದು ಟಿವಿಗೆ ಇಪ್ಪತ್ತು ಸೆಂಟು, ಅಂದರೆ ದಾದರಿನ ಫುಟ್‌ಪಾತಿನಲ್ಲಿ ಅಂದಿನ ಒಂದು ವಡಾಪಾವ್. ಇಡೀ ಕುಟುಂಬದ ಸಂಜೆಗಳಿಗೆ ಬೆಲೆ ಕಟ್ಟಲಾಗದು ಎಂದು ಕೊರಗುವವರು ಇದರಿಂದ ಸಮಾಧಾನ ಪಡೆಯಬಹುದು.

ನಮ್ಮ ದೇಶದಲ್ಲಿ ಇದಕ್ಕೆಲ್ಲ ಕಾನೂನು ಇಲ್ಲವೆಂದು ಯಾರೂ ದೂರಬಾರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು; ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ಸಾರಿತು. ಸರ್ಕಾರ ತಡಮಾಡದೆ ಆರೇ ವರ್ಷಗಳಲ್ಲಿ, 2023ರಲ್ಲಿ, ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆ ಕಾಯ್ದೆ ತಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು, ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಮತ್ತೆ ಹದಿನೆಂಟು ತಿಂಗಳ ಗಡುವು. ಮಾಹಿತಿ ಕೇಳುವ ಮುನ್ನ ಕೊಡುವ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲೋ ಓದುವ ಅವಕಾಶವಿರಬೇಕೆಂದು ಕಾಯ್ದೆ ಹೇಳುತ್ತದೆ. ಕನ್ನಡ ಅದರಲ್ಲಿದೆ, ಕೊಂಕಣಿಯೂ ಇದೆ. ಈ ಶಹರಕ್ಕೆ ಇಡ್ಲಿ ತಿನ್ನಿಸಿದ ತುಳುವರು ಮಾತ್ರ ತಮ್ಮ ಮಾಹಿತಿಯನ್ನು ಪರಭಾಷೆಯಲ್ಲೇ ಕಳೆದುಕೊಳ್ಳಬೇಕು. ಅತ್ಯಂತ ಸೊಗಸಾದ ಅಂಶ ಬೇರೆಯೇ ಇದೆ. ಮಾಹಿತಿ ಕೊಟ್ಟ ನಾಗರಿಕನಿಗೂ ಕಾಯ್ದೆ ಕರ್ತವ್ಯಗಳನ್ನು ವಿಧಿಸಿದೆ. ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟರೆ ಹತ್ತು ಸಾವಿರ ರೂಪಾಯಿವರೆಗೆ ದಂಡ. ವಡಾಪಾವಿನ ಲೆಕ್ಕದಲ್ಲಿ ಇದು ಬಹಳವಾಯಿತು.

ಇಷ್ಟನ್ನೂ ನಗುತ್ತ ಸಹಿಸಬಹುದು, ಏಕೆಂದರೆ ಟಿವಿ ಕೊಂಡವರು ನಾವು, ಓದದೆ ಒಪ್ಪಿಗೆ ಒತ್ತಿದವರೂ ನಾವೇ. ಆದರೆ ಗೇಟಿನ ಆ್ಯಪಿನಲ್ಲಿ ದಿನವೂ ದಾಖಲಾಗುವವರು ನಾವಲ್ಲ. ಫ್ಲ್ಯಾಟಿನ ಮಾಲೀಕ ಕಾರಿನಲ್ಲಿ ಬಂದರೆ ವಾಚ್‌ಮನ್ ಸಲಾಂ ಹೊಡೆದು ಗೇಟು ತೆರೆಯುತ್ತಾನೆ. ಲೋಕಲ್ಲಿನಲ್ಲಿ ನಿಂತು ಬಂದ ಮನೆಗೆಲಸದ ಹೆಂಗಸು, ಮುಂಬಯಿಯ ಮಾತಿನಲ್ಲಿ 'ಬಾಯಿ', ಮಾತ್ರ ತನ್ನ ಪಾಸ್‌ಕೋಡಿನ ಅಂಕಿಗಳನ್ನು ಒಪ್ಪಿಸಿ ಒಳಗೆ ಬರಬೇಕು. ಆಕೆ ಬಂದದ್ದು 8.42ಕ್ಕೆ, ಹೋದದ್ದು 12.15ಕ್ಕೆ, ಕೆಲಸ ಮಾಡುವ ಮನೆಗಳು ಇಂತಿಂಥವು, ಈ ತಿಂಗಳ ಖಾಡಾ, ಅಂದರೆ ಬಾರದ ದಿನಗಳು, ಇಷ್ಟು ಎಂಬುದೆಲ್ಲ ಆಕೆಯನ್ನು ಒಮ್ಮೆಯೂ ಮಾತನಾಡಿಸದವರ ಫೋನಿಗೂ ತಲುಪುತ್ತದೆ. ಮಳೆಗೆ ಕುರ್ಲಾದಲ್ಲಿ ಹಳಿ ಮುಳುಗಿದ್ದು ಆ ಲೆಕ್ಕದಲ್ಲಿ ಬರುವುದಿಲ್ಲ, ತಡವಾದದ್ದು ಬರುತ್ತದೆ. ಮೇಲಾಗಿ ಆಕೆಗೆ ನಕ್ಷತ್ರಗಳನ್ನು ಕೊಡುವ ಸೌಲಭ್ಯವಿದೆ. ಒಂದು ಮನೆಯವರು ಸಿಟ್ಟಿನಲ್ಲಿ ಎರಡೇ ನಕ್ಷತ್ರ ಒತ್ತಿದರೆ ಇಡೀ ಕಟ್ಟಡದಲ್ಲಿ ಆಕೆಗೆ ಕೆಲಸ ಸಿಗುವುದು ಕಷ್ಟ, ಯಾರು ಒತ್ತಿದರೆಂದು ಕೇಳಲು ಆಕೆಗೆ ಬಾಗಿಲೂ ಇಲ್ಲ. ಇವರಲ್ಲಿ ಕಲಬುರಗಿ, ವಿಜಯಪುರದ ಕಡೆಯಿಂದ ಹೊಟ್ಟೆಪಾಡಿಗೆ ಬಂದ ನಮ್ಮವರೇ ಇದ್ದಾರೆ. ಅವರ ಒಪ್ಪಿಗೆಯನ್ನು ಯಾರು, ಯಾವ ಭಾಷೆಯಲ್ಲಿ, ಎಂದು ಕೇಳಿದರು? ಖಾಸಗಿತನದ ಬಗ್ಗೆ ಭಾಷಣ ಕೇಳಿ ಚಪ್ಪಾಳೆ ತಟ್ಟುವ ನಾವು ಮನೆಗೆ ಬಂದು ಮಾಡುವ ಮೊದಲ ಕೆಲಸ ಬಾಯಿಯ ಹಾಜರಿ ನೋಡುವುದು. ಇದರಲ್ಲಿ ವಿನೋದವೇನೂ ಇಲ್ಲ, ಬರೀ ನಾಚಿಕೆಗೇಡು.

ಸಂಬಳವನ್ನು ಎಷ್ಟನೇ ತಾರೀಕಿಗೆ ಕೊಡುತ್ತಾರೆ, ಕುಡಿಯಲು ನೀರು ಯಾವ ಲೋಟದಲ್ಲಿ ಕೊಡುತ್ತಾರೆ ಎಂದು ಮನೆಯವರಿಗೂ ನಕ್ಷತ್ರ ಕೊಡುವ ವ್ಯವಸ್ಥೆಯಾಗಲಿ ಎಂಬ ಸಲಹೆಯನ್ನು ಸೊಸೈಟಿಗಳು ಮುಂದಿನ ಮಹಾಸಭೆಯಲ್ಲಿ ಚರ್ಚೆಗೆ ತೆಗೆದುಕೊಳ್ಳಬಹುದು. ತೆಗೆದುಕೊಳ್ಳಲಾರವು. ಕಾರ್ಯಸೂಚಿಯಲ್ಲಿ ಈಗಾಗಲೇ ಮುಖ ಗುರುತಿಸುವ ಯಂತ್ರದ ಕೊಟೇಶನ್ನುಗಳು ಸೇರಿವೆ, ತಾರಸಿಯ ವಿಷಯ ಮತ್ತೆ ಮುಂದಕ್ಕೆ ಹೋಗಿದೆ.